ಹಗೇವಿನ ಬಾಯಿಗಿಟ್ಟ ಕಲ್ಲು

ಆಳಂದ: ಹೊರಡುವ ಮೊದಲು

ಜೈನಬ ಆಳಂದವಿಯವರ ಬಗ್ಗೆ ನಮ್ಮ ಕಡೆ ಎರಡು ಕತೆ ಓಡಾಡುತ್ತವೆ. ಒಂದು ಚಹಾದಂಗಡಿಯದು. 1948ರಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದ ದಿನಗಳಲ್ಲಿ ಆಳಂದ ತಾಲ್ಲೂಕಿನ ಹಳ್ಳಿಯೊಂದರಿಂದ ಏಳು ವರ್ಷದ ಹುಡುಗಿಯೊಬ್ಬಳು ತಂದೆತಾಯಿಯ ಜೊತೆ ಪಾಕಿಸ್ತಾನಕ್ಕೆ ಹೋದಳು. ಊರೆಲ್ಲ ಅಳುತ್ತ ಊರಬಾಗಿಲ ಅಗಸಿಯವರೆಗೆ ಬಂದು ಬೀಳ್ಕೊಟ್ಟಿತು. ಆಕೆ ಕರಾಚಿಯಲ್ಲಿ ಪತ್ರಕರ್ತೆಯಾದಳು, ನಾಲ್ಕು ಕಾದಂಬರಿ ಬರೆದಳು, ಊರನ್ನು ಮರೆಯದೆ ಹೆಸರಿನ ಜೊತೆ ಆಳಂದವನ್ನು ಕಟ್ಟಿಕೊಂಡಳು. ಇನ್ನೊಂದು ಕತೆ ಮೊಬೈಲಿನದು. ಆಕೆ ನಮ್ಮ ಊರಿನ ಮೇಲೆ ಸುಳ್ಳು ಬರೆದಳು, ಒಬ್ಬ ಕಾಲೇಜು ಹುಡುಗಿ ವೇದಿಕೆಯ ಮೇಲೆ ಅದನ್ನು ಬಯಲಿಗೆಳೆದಳು, ಮುಖ ತೋರಿಸಲಾಗದೆ ಆಕೆ ಇಲ್ಲಿಗೆ ಬರುವುದನ್ನೇ ಬಿಟ್ಟಳು.

ಮೊದಲನೆಯ ಕತೆಗೆ ನನ್ನದೊಂದು ಪ್ರಶ್ನೆ: ಊರೆಲ್ಲ ಅಷ್ಟು ಅಳುತ್ತಿದ್ದರೆ ಆ ಸಂಸಾರ ಹೋದದ್ದಾದರೂ ಏಕೆ? ಎರಡನೆಯದಕ್ಕೆ ಪ್ರಶ್ನೆಯೇ ಬೇಕಿಲ್ಲ. ಅದು ಸುಳ್ಳು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆ ಕಾಲೇಜು ಹುಡುಗಿ ನಾನೇ.

ನನ್ನ ಹೆಸರು ಮಹಾದೇವಿ. ಕಾನೂನು ಓದುತ್ತೇನೆ, ಅದಕ್ಕಿಂತ ಹೆಚ್ಚಾಗಿ ಚರ್ಚಾಸ್ಪರ್ಧೆಗಳಿಗೆ ಅಲೆಯುತ್ತೇನೆ. ಈ ಸ್ಪರ್ಧೆಗಳ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಯಾವ ಪಕ್ಷ ವಹಿಸಿ ಮಾತಾಡಬೇಕು ಎಂಬುದನ್ನು ನಾವು ಆರಿಸಿಕೊಳ್ಳುವುದಿಲ್ಲ. ನಾಣ್ಯ ಚಿಮ್ಮುತ್ತಾರೆ. ಬಿದ್ದ ಮಗ್ಗುಲೇ ನಮ್ಮ ನಂಬಿಕೆ. ಬೆಳಿಗ್ಗೆ ಒಂದನ್ನು ಸಾಧಿಸಿ ಮಧ್ಯಾಹ್ನ ಅದರ ವಿರುದ್ಧವನ್ನು ಅಷ್ಟೇ ಆವೇಶದಿಂದ ಸಾಧಿಸುವವರು ಒಳ್ಳೆಯ ಪಟುಗಳು. ನಾನು ಬಹಳ ಒಳ್ಳೆಯವಳಿದ್ದೆ.

ಎರಡು ವರ್ಷದ ಹಿಂದೆ ಅಫಜಲಪುರದ ಸಭಾಂಗಣವೊಂದರಲ್ಲಿ 'ಊರು ಬಿಟ್ಟವರ ನೆನಪನ್ನು ಇತಿಹಾಸವೆಂದು ಒಪ್ಪಲಾಗದು' ಎಂಬ ವಿಷಯ ಬಂತು. ನಾಣ್ಯ ನನ್ನನ್ನು ಒಪ್ಪಲಾಗದು ಎನ್ನುವ ಕಡೆಗೆ ಹಾಕಿತು. ಉದಾಹರಣೆಗೆಂದು ನಾನು ಎತ್ತಿಕೊಂಡದ್ದು ಜೈನಬರ ಕಾದಂಬರಿ. ಉರ್ದು ಕಾದಂಬರಿ, ಹೆಸರು ಮಾತ್ರ ಕನ್ನಡದ್ದು: 'ಹಗೇವು'. ನೆಲದೊಳಗೆ ಬಾವಿಯಂತೆ ತೋಡಿ, ಬಾಯಿಗೆ ಚಪ್ಪಡಿ ಮುಚ್ಚಿ, ಜೋಳ ತುಂಬಿಡುವ ಕಣಜ ಅದು. ಕತೆಯ ಹುಡುಗಿ, ಅವಳ ತಾಯಿ ಮತ್ತು ಎಳೆಯ ತಮ್ಮ, ಗಲಭೆಗೆ ಹೆದರಿ, ಒಂದು ದಿನ ಹಗೇವಿನಲ್ಲಿ ಅಡಗಿ ಬದುಕುತ್ತಾರೆ. ಇಡೀ ಕಾದಂಬರಿ ನಾನು ಓದಿರಲಿಲ್ಲ. ಜೇವರ್ಗಿಯ ಬಸಣ್ಣ ಮಾಸ್ತರರು ಕನ್ನಡಕ್ಕೆ ತಂದಿದ್ದ ಎರಡು ಅಧ್ಯಾಯ ಓದಿದ್ದೆ, ಅಷ್ಟೆ.

ನಮ್ಮ ಮನೆಯಲ್ಲಿ ಹಗೇವಿನ ಬಗ್ಗೆ ಬಲ್ಲವಳು ಆಯಿ, ಅಂದರೆ ಅಪ್ಪನ ತಾಯಿ. ಹನ್ನೆರಡರ ವಯಸ್ಸಿಗೆ ಸೊಸೆಯಾಗಿ ಹಳ್ಳಿಗೆ ಬಂದವಳು. ಜೈನಬರು ಬಿಟ್ಟುಹೋದ ಅದೇ ಹಳ್ಳಿ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದು ಮುಂದೆ ತಿಳಿದೀತು. ಸ್ಪರ್ಧೆಯ ಹಿಂದಿನ ದಿನ ಆಯಿಯನ್ನು ಕೇಳಿದೆ. ಅವಳು ಹೇಳಿದ್ದರಲ್ಲಿ ನನಗೆ ಬೇಕಾದಷ್ಟನ್ನು ತೆಗೆದುಕೊಂಡು ವೇದಿಕೆಯ ಮೇಲೆ ನಿಂತು ಘರ್ಜಿಸಿದೆ: "ಹಗೇವಿಗೆ ಇಳಿಯುವ ಮೊದಲು ನಮ್ಮ ಹಿರಿಯರು ದೀಪ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನ ಉಸಿರೂ ಆರುತ್ತದೆ. ಅಲ್ಲಿ ಒಂದು ತಾಸು ಬದುಕಲಾಗದು. ಈ ಲೇಖಕಿ ಒಂದು ದಿನ ಬದುಕಿದಳಂತೆ! ಗಲಭೆಯಾದ ತಿಂಗಳಲ್ಲಿ ತೊಗರಿ ಹೂವೇ ಇರುವುದಿಲ್ಲ, ಈಕೆಗೆ ಅದೂ ಕಂಡಿತಂತೆ! ಇಂಥ ನೆನಪಿಗೆ ನಾವು ಮಣೆ ಹಾಕಬೇಕೆ?"

ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಯಾರೋ ಅಷ್ಟು ಭಾಗವನ್ನೇ ಕತ್ತರಿಸಿ ಹರಿಯಬಿಟ್ಟರು. ಬಸಣ್ಣ ಮಾಸ್ತರರು ಆಗ ಜೈನಬರನ್ನು ಜೇವರ್ಗಿಗೆ ಕರೆಸಲು ತಯಾರಿ ನಡೆಸಿದ್ದರು. ವರ್ಷಗಟ್ಟಲೆ ಪತ್ರ ಬರೆದು, ಅರ್ಜಿ ಹಾಕಿಸಿ, ವೀಸಾ ಬರುವವರೆಗೆ ಕಾದಿದ್ದರು. ವಿಡಿಯೊ ಓಡಿದ ಮೇಲೆ ಸಭಾಭವನದವರು ಜಾಗ ಕೊಡಲಿಲ್ಲ, ಕೈಜೋಡಿಸಿದವರು ಫೋನೆತ್ತಲಿಲ್ಲ. ಬರಬೇಡಿ ಎಂದು ಮಾಸ್ತರರೇ ಬರೆಯಬೇಕಾಯಿತು. ರದ್ದು ಮಾಡಿದ್ದು ಆಕೆಯಲ್ಲ, ನಾವು.

ಈ ವರ್ಷ ಇಂಗ್ಲೆಂಡಿನ ಲೀಡ್ಸ್ ನಗರದ ಸ್ಪರ್ಧೆಯೊಂದಕ್ಕೆ ಆಯ್ಕೆಯಾದಾಗ ಮಾಸ್ತರರ ಮನೆಗೆ ಹೋದೆ. ಜೈನಬ ಅಲ್ಲೇ ಪಕ್ಕದ ಬ್ರಾಡ್‌ಫರ್ಡಿನಲ್ಲಿ ಮಗಳ ಜೊತೆ ಇದ್ದಾರೆಂದು ಗೊತ್ತಿತ್ತು.

"ವಿಳಾಸ ಬೇಕಾಗಿತ್ರಿ ಸರ್."

ಮಾಸ್ತರರು ಕನ್ನಡಕದ ಮೇಲಿಂದ ನೋಡಿದರು. "ಯಾಕವಾ, ಅರ್ಧಕ್ಕ ಬಿಟ್ಟೀಯೇನು? ಉಳಿದಿದ್ದು ಅಲ್ಲಿ ಹೋಗಿ ಮುಗಸಾಕೇನು?"

"ಕ್ಷಮಾ ಕೇಳೂದದರಿ."

"ನಿನಗ ಬರ್ತದೇನು ಅದು?"

ಒಳಗೆ ಹೋಗಿ ಒಂದು ಗಂಟು ತಂದಿಟ್ಟರು. ಸಜ್ಜೆಯ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ. "ಇದು ಕೊಡು. ವಿಳಾಸ ಒಳಗಿನ ಚೀಟ್ಯಾಗದ. ಮಾತು ಕಡಿಮಿ ಆಡು, ನನ್ನ ತಾಯಿ."

ಕ್ಷಮೆ ಕೇಳಲು ಹೋದೆ ಎಂದು ಮನೆಯಲ್ಲೂ ಹೇಳಿದ್ದೇನೆ. ಅದು ಪೂರ್ತಿ ನಿಜವಲ್ಲ. ತೊಗರಿ ಹೂವಿನ ವಿಷಯದಲ್ಲಾದರೂ ನಾನು ಹೇಳಿದ್ದು ಸರಿ ಎಂದು ಆಕೆಯ ಬಾಯಿಂದಲೇ ಒಪ್ಪಿಸಬೇಕು ಎಂಬ ಆಸೆ ಒಳಗೆ ಬೆಚ್ಚಗೆ ಕೂತಿತ್ತು.

ಮ್ಯಾಂಚೆಸ್ಟರ್: ತಟ್ಟಿ ನೋಡಿದ ರೊಟ್ಟಿ

ವಿಮಾನ ನಿಲ್ದಾಣದ ಸುಂಕದವನು ಗಂಟು ಬಿಚ್ಚಿಸಿದ. ಕೆಂಪು ಹಿಂಡಿಯನ್ನು ಮೂಸಿ ಎರಡು ಸಲ ಸೀನಿದ, ಎರಡು ಸಲವೂ ನನ್ನ ಬಳಿ ಕ್ಷಮೆ ಕೇಳಿದ. ಆಮೇಲೆ ರೊಟ್ಟಿಯೊಂದನ್ನು ಎತ್ತಿ, ಇದೇನು ಎಂದ. ರೊಟ್ಟಿ ಎಂದೆ. ಪೆನ್ನಿನ ಹಿಂಭಾಗದಿಂದ ತಟ್ಟಿದ. ಟಕ್ ಟಕ್ ಎಂದಿತು. ತಿನ್ನುವುದು ಹೌದೇ ಎಂಬಂತೆ ನೋಡಿದ. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತೋರಿಸಿದೆ. ನಾನು ಅಗಿದ ಸದ್ದು ಸಾಲಿನಲ್ಲಿ ಹಿಂದೆ ನಿಂತವರಿಗೂ ಕೇಳಿರಬೇಕು. ಅವನು ತಲೆಯಾಡಿಸಿ ಮುಂದೆ ಬಿಟ್ಟ.

ನಮ್ಮ ಕಡೆ ಆರು ತಿಂಗಳು ಕೆಡದೆ ಉಳಿಯುವ ರೊಟ್ಟಿ ಹದಿನಾಲ್ಕು ತಾಸಿನ ಪ್ರಯಾಣದಲ್ಲಿ ಪುಡಿಯಾಗಿತ್ತು. ನೆಟ್ಟಗೆ ಉಳಿದದ್ದು ಎರಡೇ.

ಲೀಡ್ಸ್: ಕ್ಷಮೆ ಕೇಳುವ ಬಸ್ಸು

ಸ್ಪರ್ಧೆಯಲ್ಲಿ ಎರಡನೆಯ ಸುತ್ತಿಗೇ ಸೋತೆವು. ಅದರ ಬಗ್ಗೆ ಬರೆಯಲು ಏನೂ ಇಲ್ಲ. ಬರೆಯಬೇಕಾದದ್ದು ಅಲ್ಲಿನವರ ಒಂದು ಚಾಳಿಯ ಬಗ್ಗೆ. ಅಂಗಡಿಯಲ್ಲಿ ನಾನು ಒಬ್ಬ ಮುದುಕನ ಕಾಲು ತುಳಿದೆ. ಅವನು "ಸಾರಿ" ಎಂದ. ಬಾಗಿಲು ತಳ್ಳಿ ಒಬ್ಬಳಿಗೆ ಬಡಿದೆ. ಅವಳು "ಸಾರಿ" ಎಂದಳು. ಬೀದಿಯಲ್ಲಿ ಯಾರೂ ಇಲ್ಲದ ಬಸ್ಸೊಂದು ಹಾದುಹೋಯಿತು. ಅದರ ಹಣೆಯ ಮೇಲೆ ಊರಿನ ಹೆಸರಿರುವ ಜಾಗದಲ್ಲಿ ದೀಪದ ಅಕ್ಷರಗಳು: ಕ್ಷಮಿಸಿ, ಈ ಬಸ್ಸು ಸೇವೆಯಲ್ಲಿಲ್ಲ.

ನಾನು ನಿಂತಲ್ಲೇ ನಕ್ಕೆ. ನಮ್ಮ ಜೇವರ್ಗಿ ನಿಲ್ದಾಣದಲ್ಲಿ ಬಸ್ಸು ಹೋಗುವುದಿಲ್ಲವೆಂದರೆ ಕಂಡಕ್ಟರ್ ಕಿಟಕಿಯಿಂದ ಕೈ ಬೀಸಿ, "ಇದು ಹೋಗಂಗಿಲ್ಲ ಇಳೀರಿ, ನೆಲೋಗಿಯವ್ರು ಹಿಂದಿಂದಕ್ಕ ಬರ್ರಿ," ಎಂದು ಕೂಗುತ್ತಾನೆ. ನಮ್ಮವರು ಅವನ ವಂಶವನ್ನೆಲ್ಲ ನೆನೆಸಿಕೊಂಡು ಇಳಿಯುತ್ತಾರೆ. ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ, ಆದರೂ ಲೆಕ್ಕ ಚುಕ್ತಾ ಆಗುತ್ತದೆ.

ಇಲ್ಲಿಯವರ 'ಸಾರಿ' ಎಂಬುದಕ್ಕೆ ಬೆಲೆಯೇ ಇಲ್ಲ, ಬರೀ ಉಸಿರಿನ ಸದ್ದು ಎಂದು ಜೊತೆಗಿದ್ದ ಗೆಳತಿಯ ಹತ್ತಿರ ವಾದ ಹೂಡಿದೆ. ಅವಳು, "ನೀ ಯಾವಾಗ ಕಡೇ ಸಲ ಅಂದಿದ್ದಿ?" ಎಂದಳು. ನೆನಪಿಸಿಕೊಂಡೆ. ಸ್ಪರ್ಧೆಗಳಲ್ಲಿ ದಿನಕ್ಕೆ ಹತ್ತು ಸಲ 'ಕ್ಷಮಿಸಿ, ಎದುರಾಳಿಗಳ ಮಾತಿನಲ್ಲಿ ಹುರುಳಿಲ್ಲ' ಎನ್ನುತ್ತೇನೆ. ಅದನ್ನು ಬಿಟ್ಟರೆ ನೆನಪಾಗಲಿಲ್ಲ.

ಬ್ರಾಡ್‌ಫರ್ಡ್: ಏರುದಾರಿ

ಬ್ರಾಡ್‌ಫರ್ಡಿನಲ್ಲಿ ಬಸ್ಸು ತಪ್ಪಾಗಿ ಹತ್ತಿದೆ. ಊರು ಗುಡ್ಡದ ಮೇಲೆ ಗುಡ್ಡ. ಹೊಗೆ ಕುಡಿದು ಕಪ್ಪಾದ ಕಲ್ಲಿನ ಮನೆಗಳು ಇಳಿಜಾರಿನಲ್ಲಿ ಒಂದರ ಹೆಗಲ ಮೇಲೊಂದು ಕೈಯಿಟ್ಟು ನಿಂತಿವೆ. ನಮ್ಮದು ಕಣ್ಣು ಹಾಯುವವರೆಗೆ ಚಪ್ಪಟೆ ನೆಲ. ತೊಗರಿ ಹೊಲದ ಬದುವಿನ ಮೇಲೆ ನಿಂತರೆ ಮುಂದಿನ ಊರಿನ ಬೇವು ಕಾಣುತ್ತದೆ. ಇಲ್ಲಿ ನಾಲ್ಕು ಹೆಜ್ಜೆ ಆಚೆಯದು ಕಾಣುವುದಿಲ್ಲ, ಮೇಲೆ ಹನಿ ಮಳೆ.

ಮಿಠಾಯಿ ಅಂಗಡಿಯೊಂದರಲ್ಲಿ ವಿಳಾಸ ಕೇಳಿದೆ. ಗಲ್ಲೆಯ ಮೇಲಿದ್ದ ಬಿಳಿ ಗಡ್ಡದವರ ಭಾಷೆ ಪಂಜಾಬಿಯ ಹಾಗಿತ್ತು, ನನ್ನದು ಕಲಬುರಗಿಯ ಉರ್ದು. ಚಹಾ ಕೊಡಲೇ ಎಂದರು, ಬೇಡವೆನ್ನಲು "ನಕ್ಕೋ ಜಿ" ಎಂದೆ. ಅವರು ಹೊಟ್ಟೆ ಹಿಡಿದು ನಕ್ಕರು. "ಆಹಾ, ದಖ್ಖನಿನವಳು! ನಮ್ಮ ತಪ್ಪು ಹುಡುಕುವ ಖಾಲಾನ ಮನೆಗೆ ತಾನೆ?"

ಖಾಲಾ ಎಂದರೆ ಚಿಕ್ಕಮ್ಮ. ಯಾವ ಖಾಲಾ ಎಂದೆ. ಗೋಡೆಯತ್ತ ಕೈ ತೋರಿಸಿದರು. 'ಬ್ರಾಡ್‌ಫರ್ಡಿನ ಅತ್ಯಂತ ಹಳೆಯ ಮಿಠಾಯಿ ಅಂಗಡಿ' ಎಂಬ ಫಲಕ. ಅದರ ಕೆಳಗೆ ಪೆನ್ಸಿಲಿನಿಂದ ಇಂಗ್ಲಿಷಿನಲ್ಲಿ ಬರೆದು ಅಂಟಿಸಿದ ಚೀಟಿ: 'ತಿದ್ದುಪಡಿ. ಮೂರನೆಯ ಹಳೆಯ ಅಂಗಡಿ. ವಿಚಾರಿಸಿದ್ದೇನೆ. ಜೈನಬ.'

"ಕಿತ್ತು ಹಾಕಲಿಲ್ಲವೇ?"

"ಎರಡು ಸಲ ಕಿತ್ತೆ ಮಗಳೇ. ಮತ್ತೆ ತಂದು ಅಂಟಿಸಿದರು. ಈಗ ಗಿರಾಕಿಗಳು ಅದನ್ನು ನೋಡಲಿಕ್ಕೇ ಬರುತ್ತಾರೆ." ಒಂದು ಪೊಟ್ಟಣ ಜಿಲೇಬಿ ಕಟ್ಟಿ ಕೈಗಿಟ್ಟರು. "ಹೇಳಿಬಿಡು, ಆ ಎರಡು ಅಂಗಡಿಗಳಲ್ಲಿ ಒಂದು ಮುಚ್ಚಿತು. ಈಗ ನಾನು ಎರಡನೆಯವನು."

ಏರು ಹತ್ತಿ ಬಾಗಿಲು ತಟ್ಟಿದಾಗ ಐವತ್ತು ದಾಟಿದ ಹೆಂಗಸೊಬ್ಬರು ತೆರೆದರು. ಮಗಳು ನಸ್ರೀನ್, ಆಸ್ಪತ್ರೆಯಲ್ಲಿ ನರ್ಸ್. ಹೆಸರು ಹೇಳಿದೆ. ಒಂದು ಕ್ಷಣ ಬಾಗಿಲು ಅಷ್ಟಕ್ಕೇ ನಿಂತಿತು. "ಶೂ ಬಿಚ್ಚಿ," ಎಂದರು. ಬಾಗಿಲೊಳಗಿನ ಇಕ್ಕಟ್ಟಾದ ಹಾದಿಯಲ್ಲಿ ಗೋಡೆಗಾನಿಸಿ ನೀಲಿ ಸೂಟ್‌ಕೇಸೊಂದು ಮಲಗಿತ್ತು. ಅದರ ಮೇಲೆ ಕೂತು ಶೂ ದಾರ ಬಿಚ್ಚತೊಡಗಿದೆ.

"ಜೇವರ್ಗಿಗೆಂದು ಅಮ್ಮಿ ತುಂಬಿಸಿದ್ದು ಅದು," ನಸ್ರೀನ್ ಶಾಂತವಾಗಿ ಹೇಳಿದರು. "ಬಿಚ್ಚಲು ಬಿಡಲಿಲ್ಲ. ಆಮೇಲೆ ಬಿದ್ದು ಸೊಂಟ ಮುರಿಯಿತು. ವಿಮಾನ ಹತ್ತುವಂತಿಲ್ಲ. ಈಗ ಎಲ್ಲರೂ ಅದರ ಮೇಲೇ ಕೂರುತ್ತಾರೆ."

ಒಂದು ಕಾಲಿನ ಶೂ ಬಿಚ್ಚಿತ್ತು. ಇನ್ನೊಂದನ್ನು ನಿಂತುಕೊಂಡೇ ಬಿಚ್ಚಿದೆ.

ಬ್ರಾಡ್‌ಫರ್ಡ್: ಅಡುಗೆಮನೆ

"ಏನಬೇ ಪೋರಿ, ಇಷ್ಟ ತಡಾ ಮಾಡ್ದಿ? ಕೈ ತೊಳ್ಕೋ, ಇಲ್ಲಂದ್ರ ಅಮ್ಮಿ ಹೊಡೀತಾಳ!"

ಅಡುಗೆಮನೆಯ ಮೇಜಿನ ಆಚೆಯಿಂದ ಎಂಬತ್ತು ದಾಟಿದ ಪುಟ್ಟ ಮುದುಕಿಯೊಬ್ಬರು ಏಳು ವರ್ಷದ ಹುಡುಗಿಯ ದನಿಯಲ್ಲಿ ಕೂಗಿದರು. ನಾನು ಹೊಸ್ತಿಲಲ್ಲೇ ನಿಂತೆ. ಆಳಂದದ ನಮ್ಮ ಓಣಿಯ ಮಕ್ಕಳು ಹೀಗೇ ಮಾತಾಡುತ್ತವೆ.

"ಹೆದ್ರಬ್ಯಾಡ. ನನ್ನ ಕನ್ನಡಕ್ಕ ಏಳ ವರ್ಷ ಅಷ್ಟೆ. ಮುಂದ ಬೆಳೀಲಿಲ್ಲ ಅದು. ಬೈಯೂದು, ಅಳೂದು, ಉಣ್ಣೂದು ಎಲ್ಲಾ ಬರ್ತದ. ದೊಡ್ಡ ಮಾತು ಬರಂಗಿಲ್ಲ. ಅದಕ್ಕ ಉರ್ದು ಬೇಕು."

ಗಂಟು ಬಿಚ್ಚಿದೆ. ಪುಡಿಯಾದ ರೊಟ್ಟಿಯನ್ನು ಕಂಡು ಕ್ಷಮಿಸಿ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಬೊಗಸೆ ತುಂಬ ಚೂರು ಎತ್ತಿ, ಹಿಂಡಿ ಉದುರಿಸಿ, ಹಲ್ಲಿಲ್ಲದ ಬಾಯಲ್ಲಿ ಇಟ್ಟುಕೊಂಡು ಕಣ್ಣು ಮುಚ್ಚಿದರು. ನೆನೆದು ಮೆತ್ತಗಾಗುವವರೆಗೆ ಹಾಗೇ ಕೂತರು.  

ನಿಧಾನಕ್ಕೆ ಅವರೇ ತಮ್ಮ ಕತೆ ಬಿಚ್ಚಿದರು, ಕನ್ನಡ ಮುಗಿದಲ್ಲಿ ಉರ್ದು ಜೋಡಿಸುತ್ತ. ಹಳ್ಳಿಯಲ್ಲಿ ಉರ್ದು ಮಾಸ್ತರರಾಗಿದ್ದ ತಂದೆಗೆ ಕರಾಚಿಯ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ಕಣ್ಣು ಮಂದವಾದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು. ಹಾಗೆ ಕಛೇರಿಯ ಒಳಗೆ ಬಂದವಳು ಅಲ್ಲೇ ಉಳಿದಳು. ಮೊದಲ ಲೇಖನದ ಕೆಳಗೆ ಜೈನಬ ಆಳಂದವಿ ಎಂದು ಬರೆದಾಗ ಸಂಪಾದಕ ಕೇಳಿದನಂತೆ, "ಆಳಂದ ಅರಬಸ್ತಾನದಾಗ ಎಲ್ಲಿ ಬರ್ತದ ಬೀಬಿ?" ಗಂಡಸರು ಗಣ್ಯರ ಸುದ್ದಿಗೆ ಓಡುತ್ತಿದ್ದರು. ಯಾರೂ ಮುಟ್ಟದ ಒಂದು ಮೂಲೆ ಪತ್ರಿಕೆಯಲ್ಲಿತ್ತು, ಎರಡನೆಯ ಪುಟದ ತಿದ್ದುಪಡಿಯ ಮೂಲೆ. ಅದನ್ನು ಇವರಿಗೆ ಕೊಟ್ಟರು. ಇವರು ಅದನ್ನು ಹುಲಿಯ ಗುಹೆ ಮಾಡಿಟ್ಟರು. ಬಂಧನದಲ್ಲಿದ್ದಾನೆ ಎಂದು ಪತ್ರಿಕೆ ಬರೆದ ಗಿರಣಿ ಕೆಲಸಗಾರನೊಬ್ಬ ಅಷ್ಟರಲ್ಲಾಗಲೇ ಸತ್ತಿದ್ದ. ತಿದ್ದುಪಡಿ ಹಾಕಲೇಬೇಕೆಂದು ಹಠ ಹಿಡಿದರು. ಮಾಲೀಕ ಒಪ್ಪಲಿಲ್ಲ. ಕೆಲಸ ಹೋಯಿತು. ಕೆಲಸವಿಲ್ಲದ ವರ್ಷಗಳಲ್ಲಿ ಕಾದಂಬರಿಗಳು ಬಂದವು. ಅಚ್ಚುಮೊಳೆ ಜೋಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಮಗಳಿದ್ದ ಈ ಗುಡ್ಡದ ಊರು. ಇಲ್ಲಿಯ ಉರ್ದು ವಾರಪತ್ರಿಕೆಯಲ್ಲೂ ಮತ್ತೆ ಅದೇ ಮೂಲೆ.

"ಒಂದೇ ಕಾನೂನು ನಂದು," ಎಂದರು. "ಇಬ್ಬರ ಗವಾಹಿ, ಸಾಕ್ಷಿ, ಇರಬೇಕು. ಒಬ್ಬಾಕಿ ನೋಡಿದ್ದು ಕತಿ. ಇಬ್ಬರು ನೋಡಿದ್ದು ಖಬರ್."

ಆಮೇಲೆ ಮೇಜಿನ ಸೆಳೆಖಾನೆಯಿಂದ ಒಂದು ಹಾಳೆ ತೆಗೆದರು. ನನ್ನ ಭಾಷಣ. ವಿಡಿಯೊ ಕೇಳಿಸಿಕೊಂಡು ನಸ್ರೀನ್ ಕೈಯಲ್ಲಿ ಉರ್ದು ಲಿಪಿಯಲ್ಲಿ ಬರೆಸಿದ್ದರು. ಪಕ್ಕದಲ್ಲೆಲ್ಲ ಪೆನ್ಸಿಲಿನ ಗುರುತು.

"ಇಲ್ಲಿ ನೋಡು. ಗಲಭಿ ಆದ ತಿಂಗಳದಾಗ ತೊಗರಿ ಹೂವು ಇರಂಗಿಲ್ಲ ಅಂದಿ. ನಾ ಹೂವು ಬರದಿದ್ದೆ. ನೀ ಹೇಳಿದ್ದು ಖರೆ. ನನ್ನ ಮೂಲ್ಯಾಗ ಹಾಕೀನಿ, ಓದು."

ಉರ್ದು ಓದಲು ನನಗೆ ಬರುವುದಿಲ್ಲ. ನಸ್ರೀನ್ ಓದಿದರು: ತೊಗರಿ ಹೂವಿನ ವಿಷಯದಲ್ಲಿ ಲೇಖಕಿ ತಪ್ಪಿದ್ದಾಳೆ, ಆಳಂದದ ವಿದ್ಯಾರ್ಥಿನಿಯೊಬ್ಬಳು ಹೇಳಿರುವುದು ಸರಿ, ಆಕೆಗೆ ಕೃತಜ್ಞತೆಗಳು.

ಏಳು ಸಾವಿರ ಕಿಲೋಮೀಟರ್ ದೂರದಿಂದ ಒಪ್ಪಿಸಿಕೊಳ್ಳಲು ಬಂದಿದ್ದ ಗೆಲುವು ಅದು. ನಾನು ಬರುವ ಮೊದಲೇ ಅಚ್ಚಾಗಿ ಕೂತಿತ್ತು. ನನ್ನ ತಪ್ಪಿಗೆ ನಾನು ಎಲ್ಲಿಯೂ ಒಂದು ಸಾಲು ಬರೆದಿರಲಿಲ್ಲ. 

ಪೆನ್ಸಿಲಿನ ತುದಿ ಕೆಳಗೆ ಇಳಿಯಿತು. ಅಲ್ಲೊಂದು ದುಂಡನೆಯ ಸುತ್ತು. "ಹಗೇವಿನಾಗ ಒಂದ ತಾಸು ಉಳಿಯಂಗಿಲ್ಲ ಅಂದಿ. ಇದು ಯಾರ ಹೇಳ್ಯಾರ?"

"ನಮ್ಮ ಆಯಿರಿ."

"ಆಯಿ ಏನಂದಳು? ಅಕಿ ಹೆಂಗ ಅಂದಳೋ ಹಂಗ ಹೇಳು. ಪೂರಾ."

ಚರ್ಚೆಯಲ್ಲಿ ನನ್ನನ್ನು ಮೂಲೆಗೆ ನೂಕಿದವರು ಬಹಳ ಇಲ್ಲ. ಈ ಮುದುಕಿ ಒಂದೇ ಪದದಲ್ಲಿ ನೂಕಿದರು. ಆಯಿಯ ಮಾತಿಗೆ ಎರಡನೆಯ ಅರ್ಧ ಇತ್ತು. ವೇದಿಕೆಯ ಮೇಲೆ ನಿಂತಾಗಲೂ ಅದು ನನಗೆ ನೆನಪಿತ್ತು. ಮರೆತು ಬಿಟ್ಟದ್ದಲ್ಲ, ಗೊತ್ತಿದ್ದೇ ಬಿಟ್ಟದ್ದು. ಪೂರಾ ಹೇಳಿದರೆ ವಾದ ಸಪ್ಪಗಾಗುತ್ತಿತ್ತು.

ಈಗ ಹೇಳಿದೆ. "ತುಂಬಿದ ಹಗೇವು ತೆಗದ ಕೂಡ್ಲೆ ಇಳದ್ರ ಸಾಯ್ತಾರ. ಖಾಲಿ ಹಗೇವು ಇದ್ದು, ಬಾಯಿಗಿ ಕಲ್ಲು ಕೊಟ್ಟು ಸಂದು ಬಿಟ್ಟಿದ್ರ, ಮೂರು ದಿನ ಬೇಕಾದ್ರೂ ಇರಬಹುದು. ಹಂಗಂದಳರಿ."

ಜೈನಬರ ಕೈಯಲ್ಲಿದ್ದ ಪೆನ್ಸಿಲು ನಿಂತಿತು.

"ಕಲ್ಲು?"

"ಹೌದ್ರಿ."

"ಮೂರು ದಿನಾ?"

"ಹೌದ್ರಿ."

ಅವರು ನಸ್ರೀನ್ ಕಡೆ ನೋಡಿದರು. ನಸ್ರೀನ್ ಒಲೆ ಆರಿಸಿ ಬಂದು ತಾಯಿಯ ಕುರ್ಚಿಯ ಹಿಂದೆ ನಿಂತರು.

"ನಾ ಕಾದಂಬರಿಯಾಗ ಒಂದೇ ದಿನ ಬರದೀನಿ," ಜೈನಬ ಹೇಳಿದರು. "ಕಲ್ಲಂತೂ ಬರದೇ ಇಲ್ಲ. ಎಲ್ಲೂ ಬರದಿಲ್ಲ."

ಮಳೆ ಕಿಟಕಿಯ ಗಾಜಿನ ಮೇಲೆ ಸಣ್ಣಗೆ ಹರಿಯುತ್ತಿತ್ತು. ಅವರು ಹೇಳಿದ್ದನ್ನು ಅವರು ಹೇಳಿದಷ್ಟೇ ಬರೆಯುತ್ತೇನೆ. ಊರ ಹೊರಗಿನ ಹಗೇವಿನ ಬಯಲಿನಲ್ಲಿ ಖಾಲಿ ಇದ್ದ ಒಂದರಲ್ಲಿ ತಂದೆ ಮೂವರನ್ನು ಇಳಿಸಿದರು. ತಾಯಿ, ಇವರು, ಹಾಲು ಕುಡಿಯುವ ತಮ್ಮ. ಚಪ್ಪಡಿ ಎಳೆದು, ಒಂದು ಕಡೆ ಮುಷ್ಟಿಗಾತ್ರದ ಕಲ್ಲು ಕೊಟ್ಟು, ಗಾಳಿಗೆ ಸಂದು ಬಿಟ್ಟರು. ಆ ಸಂದಿನಿಂದ ಬೆರಳಗಲದ ಬೆಳಕು. ಎರಡನೆಯ ದಿನ ಮೇಲೆ ಟಪಟಪ ಸದ್ದು ಕೇಳಿತು. ಸಂದಿನಲ್ಲಿ ಒಂದು ಕೈ ಕಂಡಿತು.

"ಸಣ್ಣ ಕೈ. ಹಸರ ಬಳಿ ಇದ್ದುವು. ಕಲ್ಲು ತಗೀತು. ಚಪ್ಪಡಿ ಕೂತ್ಕೊಂಡ್ತು. ಬೆಳಕು ಹೋತು."

ಮೂರನೆಯ ದಿನ ತಂದೆ ಬಂದು ತೆಗೆದಾಗ ಇಬ್ಬರು ಬದುಕಿದ್ದರು.

"ಕಾದಂಬರಿಯಾಗ ತಮ್ಮ ರೈಲಿನಾಗ ಜ್ವರಾ ಬಂದು ಸಾಯ್ತಾನ. ಹಂಗ ಬರದೆ. ಏಳ ವರ್ಷದಾಕಿ ಒಬ್ಬಾಕಿ ಗವಾಹಿ ಮ್ಯಾಲ ಊರಿಗಿ ಊರೇ ಖೂನಿ ಮಾಡ್ತು ಅಂತ ಹೆಂಗ ಬರೀಲಿ? ಮಳಿ ಬಂದ್ರ ಹಗೇವು ಮುಚ್ಚೂದು ನಮ್ಮೂರ ವಾಡಿಕಿ. ನೀರು ಹೋಗಬಾರದು ಅಂತ ಮನಿ ಹೆಣ್ಣುಮಕ್ಳು ಓಡಿ ಬಂದು ಮುಚ್ಚತಿದ್ರು. ನಾನೂ ಅಮ್ಮಿ ಕೂಡ ಓಡೀನಿ. ಒಳಗ ಮಂದಿ ಅದಾರಂತ ಅಕಿಗಿ ಗೊತ್ತಿತ್ತೋ ಇಲ್ಲೋ. ಆ ಸಪ್ಪಳ ಮಳೀದೋ, ಮಂದಿ ಓಡೂದೋ. ಒಳಗಿಂದ ತಿಳೀಲಿಲ್ಲ. ಅದೊಂದು ಕೇಳಾಕ ಬರಬೇಕಂತಿದ್ದೆ. ಸತ್ಕಾರ ಮಾಡಸ್ಕೊಳ್ಳಾಕ ಅಲ್ಲ."

ಸೆಳೆಖಾನೆಯಿಂದ ಪಾಸ್‌ಪೋರ್ಟು ತೆಗೆದು ತೋರಿಸಿದರು. ಭಾರತದ ವೀಸಾ ಅಂಟಿಸಿದ ಪುಟ. ಅವಧಿ ಮುಗಿದಿತ್ತು. ಎದುರಿನ ಪುಟದಲ್ಲಿ ಬಂದಿಳಿದ ಮುದ್ರೆ ಬೀಳಬೇಕಾದ ಜಾಗ ಖಾಲಿ.

ಆಗ ನಾನು ಕ್ಷಮೆ ಕೇಳಿದೆ. ಕನ್ನಡದಲ್ಲಿ, ಉರ್ದುವಿನಲ್ಲಿ, ಗೊತ್ತಿದ್ದ ಎಲ್ಲದರಲ್ಲಿ. ಯಾವುದೂ ಹಣೆಯ ಮೇಲೆ ದೀಪ ಹಚ್ಚಿಕೊಂಡು ಹೋದ ಆ ಖಾಲಿ ಬಸ್ಸಿಗಿಂತ ಹೆಚ್ಚಿನದೇನನ್ನೂ ಹೇಳಲಿಲ್ಲ.

ಅವರು ನನ್ನ ಮಾತು ಮುಗಿಯಲು ಬಿಟ್ಟರು. "ನಿಮ್ಮ ಆಯಿ ಅದಾಳೇನು ಇನ್ನೂ?"

"ಅದಾಳರಿ."

"ಅದೇ ಊರಾಕೀನ?"

"ಹೌದ್ರಿ. ಹನ್ನೆರಡಕ್ಕ ಲಗ್ನ ಆಗಿ ಬಂದಾಕಿ."

ಅವರು ತಲೆದೂಗಿದರು. ಮುಖದಲ್ಲಿ ಸಿಟ್ಟಿನ ಗುರುತಿಗಾಗಿ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಉತ್ತರ ಕೊಡಲು ನನಗೆ ಬರುತ್ತಿತ್ತು.

"ಅಕಿನ್ನ ಬೈಬ್ಯಾಡ ಮತ್ತ. ವಾದ ಮಾಡಬ್ಯಾಡ. ಮಳಿ ಇತ್ತೋ ಇಲ್ಲೋ, ಅಷ್ಟ ಕೇಳು. ಮಳಿ ಇತ್ತು ಅಂದ್ರ ನಾ ಏನೂ ಬರಿಯಂಗಿಲ್ಲ. ನಿಶ್ಚಿಂತಿಯಿಂದ ಸಾಯ್ತೇನಿ."

"ಇರಲಿಲ್ಲ ಅಂದ್ರ?"

"ಅಂದ್ರೂ ಹೇಳು." ರೊಟ್ಟಿಯ ಇನ್ನೊಂದು ಚೂರು ಬಾಯಿಗಿಟ್ಟುಕೊಂಡರು. "ತಿದ್ದುಪಡಿ ಅಂದ್ರ ಹಂಗ. ಯಾವ ಕಡಿ ಬಿದ್ರೂ ಹಾಕಬೇಕು."

ಹೊರಡುವಾಗ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಕೊಟ್ಟರು. "ಆಯಿಗಿ ಕೊಡು. ಚಹಾದಾಗ ಅದ್ದಿ ತಿನ್ನು ಅನ್ನು." ಬಾಗಿಲವರೆಗೆ ಬಂದ ನಸ್ರೀನ್ ನನ್ನ ಶೂಗಳನ್ನು ಎತ್ತಿ ಕೊಟ್ಟರು. ನಾನು ಮೆಟ್ಟಿಲ ಮೇಲೆ, ಮಳೆಯಲ್ಲಿ ಕೂತು ಹಾಕಿಕೊಂಡೆ. ಮಿಠಾಯಿ ಅಂಗಡಿಯವರ ಸಂದೇಶ ಹೇಳುವುದನ್ನು ಮರೆತಿದ್ದೆ. ಜಿಲೇಬಿ ಚೀಲದಲ್ಲೇ ಉಳಿದಿತ್ತು.

ಜೇವರ್ಗಿ

ಊರಿಗೆ ಬಂದು ಮೊದಲು ಮಾಡಿದ್ದು ಹೊಸ ವಿಡಿಯೊ. ಆಯಿಯ ಮಾತಿನ ಅರ್ಧವನ್ನು ನಾನು ಮುಚ್ಚಿಟ್ಟಿದ್ದೆ, ಹಗೇವಿನಲ್ಲಿ ಮನುಷ್ಯರು ಬದುಕಬಲ್ಲರು, ಜೈನಬ ಸುಳ್ಳು ಬರೆದಿಲ್ಲ ಎಂದು ಹೇಳಿದೆ. ಕಲ್ಲಿನ ವಿಷಯ ಹೇಳಲಿಲ್ಲ, ಅದು ನನ್ನದಲ್ಲ. ಮೊದಲನೆಯದನ್ನು ಹರಿಯಬಿಟ್ಟವರು ಇದನ್ನು ಮುಟ್ಟಲೂ ಇಲ್ಲ. ನೋಡಿದ ಕೆಲವರು, "ಯಾರೋ ಹೆದರಿಸಿರಬೇಕು ಹುಡುಗಿಗೆ," ಎಂದು ಬರೆದರು.

ಬಸಣ್ಣ ಮಾಸ್ತರರು ಜೇವರ್ಗಿಯ ಮನೆಯ ಕಟ್ಟೆಯ ಮೇಲೆ ಕೂತು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಪೂರ್ತಿ ನೋಡಿದರು.

"ಛಲೋ ಮಾತಾಡಿದಿ. ಒಂದ ಕಡಿನೂ ದನಿ ಏರಸಲಿಲ್ಲ."

"ಯಾರೂ ನೋಡವಲ್ರರಿ ಸರ್."

"ಎರಡನೇ ಪುಟದ ಮೂಲೀನ ಯಾರ ನೋಡತಾರವಾ," ಎಂದರು. ಆಮೇಲೆ ಕೇಳಿದರು, "ರೊಟ್ಟಿ ಹೆಂಗ ಹೋದ್ವು? ಮುರದಿದ್ವೇನು?"

"ಮುರದಿದ್ವರಿ. ಆದ್ರ ತಿಂದ್ರರಿ."

ಮಾಸ್ತರರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಆಳಂದ

ಹದಿನೈದು ದಿನ ನಾನು ಆಯಿಯನ್ನು ಕೇಳಲಿಲ್ಲ. ನೆಪಗಳಿಗೆ ಬರವಿರಲಿಲ್ಲ. ಅವಳಿಗೆ ಕೆಮ್ಮು, ನನಗೆ ಪರೀಕ್ಷೆ, ಮನೆಗೆ ನೆಂಟರು. ನಿಜ ಹೇಳಬೇಕೆಂದರೆ ಎರಡೂ ಪಕ್ಷಗಳ ವಾದವನ್ನು ಮನಸ್ಸಿನಲ್ಲೇ ಮಾಡಿ ನೋಡಿದೆ. ಹಸಿರು ಬಳೆ ಆಗ ಯಾವ ಸೊಸೆಯ ಕೈಯಲ್ಲಿರಲಿಲ್ಲ? ಮೂರು ದಿನ ಎಂಬುದು ಬಾಯಿಗೆ ಬಂದ ಮಾತಿರಬಹುದು. ಆದರೆ ಕಲ್ಲು? ಕಲ್ಲು ಬಾಯಿಗೆ ಬಂದ ಮಾತಲ್ಲ. ನಾಣ್ಯ ಚಿಮ್ಮಲು ಮಾತ್ರ ಈ ಸಲ ಯಾರೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಪಡಸಾಲೆಯಲ್ಲಿ ಆಯಿ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಹರಳು ಆರಿಸುವ ಬೆರಳುಗಳು ಈಗಲೂ ಚುರುಕು. ಕೈ ಈಗಲೂ ಸಣ್ಣದು. ಡಬ್ಬಿ ತಂದು ಮುಂದಿಟ್ಟು, ಚಹಾ ಕೊಟ್ಟು ಎದುರಿಗೆ ಕೂತೆ.

"ಯಾರ ಕೊಟ್ರಬೇ ಇದು?"

"ಆ ಮುದುಕಿ, ಆಯಿ. ನಿಮ್ಮ ಊರಾಕಿ. ಅದ್ದಿ ತಿನ್ನಬೇಕಂತ."

ಅದ್ದಿ ತಿಂದಳು. "ಬೆಣ್ಣಿ ಭಾಳ ಹಾಕ್ಯಾರ. ಬೈದಳೇನು ನಿನಗ?"

"ಇಲ್ಲ."

"ಬೈಬೇಕಾಗಿತ್ತು. ನಿನ್ನ ನಾಲಿಗಿ ಉದ್ದ ಆಗ್ಯದ." ನಕ್ಕಳು, ಇನ್ನೊಂದು ತೆಗೆದುಕೊಂಡಳು. "ಹ್ಯಾಂಗದ ಆ ದೇಶಾ? ಮಳಿ ಭಾಳಂತಲ್ಲ ಅಲ್ಲಿ?"

"ದಿನಾ ಬರ್ತದ ಆಯಿ. ಸಣ್ಣಗ."

"ಹಂಗ ಬಂದ್ರ ಕಾಳು ಹೆಂಗ ಇಡ್ತಾರ? ಹಗೇವಿನಾಗ ನೀರು ಹೋಗ್ತದ."

ಉತ್ತರ ನಿನಗೆ ಗೊತ್ತಿಲ್ಲದ ಪ್ರಶ್ನೆಯನ್ನು ಎಂದೂ ಕೇಳಬೇಡ ಎಂಬುದು ನಮಗೆ ಕಲಿಸುವ ಮೊದಲ ಪಾಠ. ಮೊರದಲ್ಲಿ ಜೋಳ ಸರಸರ ಸರಿಯುತ್ತಿತ್ತು. ಆ ಹಳ್ಳಿಯ ಹೆಸರು ಹೇಳಿದೆ, ಗಲಭೆಯ ದಿನಗಳೆಂದೆ, ಖಾಲಿ ಹಗೇವಿನ ಬಾಯಿಗೆ ಯಾರೋ ಕೊಟ್ಟಿದ್ದ ಕಲ್ಲು ಎಂದೆ. ಆಯಿಯ ಕೈ ನಿಂತಿತು. ಮೊರದಲ್ಲಿ ಜೋಳವೂ ನಿಂತಿತು.

"ಆಯಿ, ನೀ ಆ ಕಲ್ಲು ತಗದ ದಿನ ಖರೇನ ಮಳಿ ಬಂದಿತ್ತೇನು?"